ಇಂಗ್ಲಿಷ್ ತರಗತಿ ಮತ್ತು ಕನ್ನಡದ ಬರವಣಿಗೆ: ಮೈಸೂರಿನಿಂದ ಸೊಕ್ಕೆಯವರೆಗೆ

ಕರ್ನಾಟಕದ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯದ ಓದು ಎರಡು ಬಗೆಯಲ್ಲಿ ನಡೆದುಬಂದಿದೆ. ಪದವಿಗೆ ಸೇರಿದವರು ಭಾಷಾವಿಷಯವಾಗಿ ಓದುವುದನ್ನು ಸಾಮಾನ್ಯ ಇಂಗ್ಲಿಷ್ ಎಂದೂ, ಇತಿಹಾಸ, ಅರ್ಥಶಾಸ್ತ್ರಗಳ ಹಾಗೆ ಮುಖ್ಯ ವಿಷಯವಾಗಿ ಆಯ್ದುಕೊಂಡು ಓದುವುದನ್ನು ಐಚ್ಛಿಕ ಇಂಗ್ಲಿಷ್ ಎಂದೂ ಕರೆಯುವುದು ರೂಢಿ. ಸೃಜನಶೀಲ ಬರವಣಿಗೆಯನ್ನು, ಎಂದರೆ ಕಥೆ, ಕವಿತೆ, ನಾಟಕಗಳ ರಚನೆಯನ್ನೇ ಪಾಠವಾಗಿ ಕಲಿಸುವ ಕ್ರಮವನ್ನು, ಈ ಎರಡು ಬಗೆಗಳೂ ಬಹುಕಾಲ ಕಾಣಲಿಲ್ಲ. ಹಾಗಿದ್ದೂ ಹೊಸಗನ್ನಡ ಕಾವ್ಯದ, ಕಾದಂಬರಿಯ ಹಲವು ಮುಖ್ಯ ತಿರುವುಗಳು ಇಂಗ್ಲಿಷ್ ವಿಭಾಗಗಳ ಅಧ್ಯಾಪಕರಿಂದಲೇ ಆದವು ಎಂಬುದು ಈ ಅಧ್ಯಯನದ ಚರಿತ್ರೆಯಲ್ಲಿ ವಿವರಣೆಯನ್ನು ಬೇಡುವ ಸಂಗತಿ.

ಮದ್ರಾಸು, ಮುಂಬಯಿ, ಕಲ್ಕತ್ತ ವಿಶ್ವವಿದ್ಯಾನಿಲಯಗಳು 1857ರಲ್ಲಿ ಆರಂಭವಾದವು. ಮೈಸೂರು ಸಂಸ್ಥಾನದ ಸೆಂಟ್ರಲ್ ಕಾಲೇಜು ಮತ್ತು ಮಹಾರಾಜ ಕಾಲೇಜುಗಳು ಮದ್ರಾಸಿನ ಅಧೀನದಲ್ಲಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೆ ಬಂದವು. ಆದರೆ ಕನ್ನಡದಲ್ಲಿ ಎಂ.ಎ. ಓದುವ ಅವಕಾಶ ಒದಗಿದ್ದು 1927ರಲ್ಲಿ. ಆದ್ದರಿಂದ ಅದಕ್ಕೆ ಮೊದಲು ಸಾಹಿತ್ಯವನ್ನು ಆಳವಾಗಿ ಓದಬಯಸಿದ ಕನ್ನಡ ತರುಣನಿಗೆ ಇಂಗ್ಲಿಷ್ ತರಗತಿಯೇ ಹತ್ತಿರದ ಬಾಗಿಲಾಗಿತ್ತು. ಕನ್ನಡದ ಬರಹಗಾರರು ಇಂಗ್ಲಿಷ್ ವಿಭಾಗಗಳಲ್ಲಿ ನೆರೆದುದಕ್ಕೆ ಮೆಚ್ಚುಗೆಯಷ್ಟೇ ಈ ಅನಿವಾರ್ಯತೆಯೂ ಕಾರಣ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಮಾಡಿದರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಸಂಗ್ರಹವಾಗಿ ಹೊರಬಂದಿತು. ಈ ಪುಸ್ತಕದ ಮಹತ್ವ ಆಯ್ದ ಕವಿತೆಗಳಲ್ಲಿರುವುದಕ್ಕಿಂತ ಅವುಗಳನ್ನು ಕನ್ನಡಿಸಲು ನಡೆದ ಛಂದಸ್ಸಿನ ಪ್ರಯೋಗದಲ್ಲಿದೆ. ಹಳೆಯ ಕಾವ್ಯದಲ್ಲಿ ಪದ್ಯದ ಎಲ್ಲ ಪಾದಗಳಲ್ಲಿಯೂ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ನಿಯಮವಿತ್ತು, ಇದನ್ನು ಆದಿಪ್ರಾಸವೆನ್ನುತ್ತಾರೆ. ಈ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲಿಯೇ ಬಿಟ್ಟಿದ್ದರು. ಶ್ರೀಕಂಠಯ್ಯನವರು ಅಲ್ಲಿಗೆ ನಿಲ್ಲದೆ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು, ಎಂದರೆ ಉಚ್ಚಾರದ ಕಾಲವನ್ನು ಅಳೆಯುವ ಘಟಕಗಳನ್ನು, ಇಂಗ್ಲಿಷ್ ಪದ್ಯದ ಸಾಲುಗಳ ಏರಿಳಿತಕ್ಕೆ ಹೊಂದುವಂತೆ ಜೋಡಿಸಿ, ಆಡುಮಾತಿಗೆ ಹತ್ತಿರವಾದ ನಡೆಯೊಂದನ್ನು ರೂಢಿಸಿದರು. ತರಗತಿಯಲ್ಲಿ ಷೆಲ್ಲಿಯನ್ನೂ ವರ್ಡ್ಸ್‌ವರ್ತನನ್ನೂ ವಿವರಿಸುತ್ತಿದ್ದ ಅಧ್ಯಾಪಕನಿಗೆ, ಆ ಕವಿತೆ ಕನ್ನಡದ ಕಿವಿಗೆ ಹೇಗೆ ಕೇಳಿಸಬೇಕೆಂಬ ಪ್ರಶ್ನೆ ಸಾಲುಸಾಲಿಗೂ ಎದುರಾಗಿದೆ. ಆ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ನವೋದಯ ಕವಿಗಳಿಗೆ ಸಿದ್ಧ ಹಾದಿಯಾಯಿತು. ಅನುವಾದವೇ ಇಲ್ಲಿ ಬರವಣಿಗೆಯ ಗರಡಿಯಾಗಿತ್ತು ಎಂದು ಹೇಳುವುದು ಅತಿಶಯೋಕ್ತಿಯಲ್ಲ.

ಇಂಗ್ಲಿಷಿನಲ್ಲಿಯೇ ಬರೆಯುವ ಆಸೆಯೂ ಇದೇ ಕಾಲೇಜುಗಳಲ್ಲಿತ್ತು. ಕುವೆಂಪು ಅವರ ಮೊದಲ ಪ್ರಕಟಿತ ಪುಸ್ತಕ 1922ರ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಸಂಕಲನ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ತಾಯ್ನುಡಿಯಲ್ಲಿ ಬರೆಯುವಂತೆ ಅವರು ಹೇಳಿದ ಹಿತವಚನ ಕನ್ನಡಕ್ಕೆ ಒಬ್ಬ ಮಹಾಕವಿಯನ್ನು ಉಳಿಸಿಕೊಟ್ಟಿತು. ಮಹಾರಾಜ ಕಾಲೇಜಿನಲ್ಲಿಯೇ ಪದವಿ ಪಡೆದ ಆರ್.ಕೆ. ನಾರಾಯಣ್ ಮಾತ್ರ ಇಂಗ್ಲಿಷನ್ನು ಬಿಡಲಿಲ್ಲ. ಅವರ 1945ರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯ ನಾಯಕ ಕಾಲೇಜಿನ ಇಂಗ್ಲಿಷ್ ಅಧ್ಯಾಪಕ. ತಾನು ಮಾಡುವ ಪಾಠಕ್ಕೂ ತನ್ನ ಬದುಕಿಗೂ ಸಂಬಂಧ ಕಾಣದೆ ಅವನು ಕೊನೆಗೆ ಆ ಕೆಲಸವನ್ನು ಬಿಡುತ್ತಾನೆ. ಇಂಗ್ಲಿಷ್ ಪಾಠಕ್ರಮದ ಕೊರತೆಯನ್ನು ಕುರಿತ ಎಷ್ಟೋ ವರದಿಗಳಿಗಿಂತ ಈ ಕಾದಂಬರಿ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ.

ಸ್ವಾತಂತ್ರ್ಯಾನಂತರದ ನವ್ಯ ಸಾಹಿತ್ಯದಲ್ಲಿ ಈ ನಂಟು ಇನ್ನೂ ಬಿಗಿಯಾಯಿತು. ಗೋಪಾಲಕೃಷ್ಣ ಅಡಿಗ, ಪಿ. ಲಂಕೇಶ್, ಶಾಂತಿನಾಥ ದೇಸಾಯಿ, ಯು.ಆರ್. ಅನಂತಮೂರ್ತಿ, ಎ.ಕೆ. ರಾಮಾನುಜನ್ ಇವರೆಲ್ಲರೂ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಗುರುಗಳಾದ ಮಾಲ್ಕಮ್ ಬ್ರಾಡ್ಬರಿಯವರೊಂದಿಗೆ ಇಂಗ್ಮಾರ್ ಬರ್ಗ್‌ಮನ್ ಅವರ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿ, ಆ ಬಳಿಕ ನಡೆದ ಮಾತುಕತೆಯ ಪ್ರೇರಣೆಯಿಂದ ‘ಸಂಸ್ಕಾರ’ವನ್ನು ಬರೆದುದಾಗಿ ಹೇಳಿಕೊಂಡಿದ್ದಾರೆ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಇದೇ ಬ್ರಾಡ್ಬರಿಯವರು ಆಂಗಸ್ ವಿಲ್ಸನ್ ಅವರೊಡಗೂಡಿ 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿದರು, ಅಮೆರಿಕದ ಅಯೋವಾದಲ್ಲಿ ಅಂಥ ಕಮ್ಮಟ 1936ರಿಂದಲೂ ಇತ್ತು. ಬ್ರಿಟನ್ನಿನಲ್ಲಿ ಮುಂದೆ ಪದವಿಯಾಗಿ ರೂಪುಗೊಂಡ ಶಿಕ್ಷಣ, ಒಬ್ಬ ಕನ್ನಡ ವಿದ್ಯಾರ್ಥಿಗೆ ಅದಕ್ಕೆ ಐದು ವರ್ಷ ಮೊದಲೇ ಗುರುಶಿಷ್ಯರ ಹರಟೆಯ ರೂಪದಲ್ಲಿ ದೊರೆತು, ಅದರ ಫಲ ಕನ್ನಡಕ್ಕೆ ಸಂದಿತು.

ಈ ಚರಿತ್ರೆ ಹೆಚ್ಚಾಗಿ ಮೈಸೂರು, ಧಾರವಾಡ, ಬೆಂಗಳೂರುಗಳ ಸುತ್ತ ಹೆಣೆದುಕೊಂಡಿದೆ. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನ ಕಡೆಯಿಂದ ನೋಡಿದರೆ ಅದರ ರೂಪ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರು ಚಿತ್ರದುರ್ಗಕ್ಕೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಸೇರಿದ್ದವು. ಈ ಸೀಮೆಯ ಕಾಲೇಜುಗಳು ಮೊದಲು ಮೈಸೂರು, 1987ರ ನಂತರ ಕುವೆಂಪು, 2009ರ ನಂತರ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದವು. ಕುವೆಂಪು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೇ ಇಂಗ್ಲಿಷ್ ಪ್ರಾಧ್ಯಾಪಕರೂ ‘ಮುಕ್ತಿ’ಯ ಕಾದಂಬರಿಕಾರರೂ ಆದ ಶಾಂತಿನಾಥ ದೇಸಾಯಿ. ಹೀಗೆ ವಿಶ್ವವಿದ್ಯಾನಿಲಯ ಹತ್ತಿರ ಬಂದಿದ್ದರೂ, ಮಳೆಯನ್ನೇ ನಂಬಿದ ಈ ಬಯಲುಸೀಮೆಯ ಮನೆಗಳಿಂದ ಬರುವ ಹಲವರಿಗೆ ಇಂಗ್ಲಿಷ್ ಪತ್ರಿಕೆ ಇಂದಿಗೂ ಗೈಡುಗಳನ್ನು ಬಾಯಿಪಾಠ ಮಾಡಿ ದಾಟಬೇಕಾದ ಹಳ್ಳ. ಎಲ್ಲರೂ ಆ ಹಳ್ಳವನ್ನೇ ದಾಟಿ ಬರಹಗಾರರಾದರೆಂದೂ ತಿಳಿಯಬೇಕಾಗಿಲ್ಲ: ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯಲ್ಲಿ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರು ಕನ್ನಡದ ಅಧ್ಯಾಪಕರಾಗಿಯೇ ಕವಿಯಾಗಿ ಬೆಳೆದರು.

ರಾಜ್ಯದ ಪದವಿ ಪಠ್ಯಕ್ರಮ 2021–22ರಲ್ಲಿ ನಾಲ್ಕು ವರ್ಷಗಳ ಮಾದರಿಗೆ ಹೊರಳಿ, 2024–25ರಲ್ಲಿ ಮೂರು ವರ್ಷಗಳ ಕ್ರಮಕ್ಕೆ ಮರಳಿದೆ. ಪಠ್ಯಗಳನ್ನು ಮತ್ತೆ ರೂಪಿಸುವವರು ಸೃಜನಶೀಲ ಬರವಣಿಗೆಗೆ ಜಾಗ ಕೊಡುವಾಗ ಅಯೋವಾದ ಮಾದರಿಯೊಂದನ್ನೇ ಮುಂದಿಟ್ಟುಕೊಳ್ಳದೆ, ‘ಇಂಗ್ಲಿಷ್ ಗೀತಗಳು’ ತೋರಿಸಿದ ದಾರಿಯನ್ನೂ ನೋಡಬೇಕು. ಜಗಳೂರಿನ ತರಗತಿಯಲ್ಲಿ ಇಂಗ್ಲಿಷ್ ಕವಿತೆಯೊಂದನ್ನು ಓದಿದ ವಿದ್ಯಾರ್ಥಿ ಅದನ್ನು ಸೊಕ್ಕೆಯ ಮಾತಿನಲ್ಲಿ ಬರೆದು ತಂದರೆ, ಆ ಬರಹಕ್ಕೂ ಅಂಕ ಸಿಗಬೇಕು.