ಕಿಟೆಲ್: ಅಂಗಿಯಿಂದ ಅಡ್ಡಹೆಸರಿಗೆ

ಕನ್ನಡ ನಿಘಂಟಿನೊಡನೆ ಬೆಸೆದುಹೋಗಿರುವ ‘ಕಿಟೆಲ್’ ಎಂಬ ಹೆಸರು ಜರ್ಮನ್ ಭಾಷೆಯಲ್ಲಿ ಮೂಲತಃ ಒಂದು ಉಡುಪನ್ನು ಸೂಚಿಸುವ ಪದವಾಗಿದ್ದು, ಸುಮಾರು 1050ರಿಂದ 1350ರವರೆಗೆ ದಕ್ಷಿಣ ಮತ್ತು ಮಧ್ಯ ಜರ್ಮನಿಯಲ್ಲಿ ಬಳಕೆಯಲ್ಲಿದ್ದ ಮಧ್ಯಕಾಲೀನ ಹೈ ಜರ್ಮನ್ನಿನಲ್ಲಿ ಮೈಮೇಲೆ ಸಡಿಲವಾಗಿ ಇಳಿಬೀಳುವ ಹಗುರವಾದ ಮೇಲಂಗಿಗೆ ಈ ಮಾತು ಸಲ್ಲುತ್ತಿತ್ತು. ಇಂದಿಗೂ ಕಾರ್ಮಿಕರ ಮೇಲಂಗಿಯನ್ನೂ ವೈದ್ಯರ ಬಿಳಿಯ ಕೋಟನ್ನೂ ಜರ್ಮನ್ನರು ಇದೇ ಪದದಿಂದ ಕರೆಯುತ್ತಾರೆ. ಜರ್ಮನ್ ಬೇರಿನಿಂದಲೇ ಬೆಳೆದ ಯೂರೋಪಿನ ಯಹೂದಿಗಳ ಯಿದ್ದಿಶ್ ನುಡಿಯಲ್ಲಾದರೋ ಅದು ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪೂರಿನಂದು ತೊಡುವ, ಮದುವೆಯಲ್ಲಿ ವರನು ಧರಿಸುವ, ಕೊನೆಗೆ ಶವಕ್ಕೂ ತೊಡಿಸುವ ಬಿಳಿಯ ನಿಲುವಂಗಿ. ಪದದ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹತ್ತಿಯನ್ನು ಹೇಳುವ ಅರಬ್ಬಿಯ ‘ಕುತ್ನ್’ ಶಬ್ದದೊಡನೆ ಅದನ್ನು ಜೋಡಿಸುವವರೂ ಇದ್ದಾರೆ.

ಜರ್ಮನ್ ನಾಡುಗಳಲ್ಲಿ ಕುಲನಾಮಗಳು ಹನ್ನೆರಡನೆಯ ಶತಮಾನದಿಂದೀಚೆಗೆ ನೆಲೆಗೊಳ್ಳತೊಡಗಿದಾಗ ತಂದೆಯ ಹೆಸರು, ಊರು, ಕಸುಬು, ಮೈಕಟ್ಟು ಅಥವಾ ನಡೆನುಡಿಯ ವಿಶೇಷ ಇವೆಲ್ಲವೂ ಅವಕ್ಕೆ ಒದಗಿಬಂದವು. ಕಿಟೆಲ್ ಎಂಬುದು ಆ ಅಂಗಿಯನ್ನು ಹೊಲಿಯುತ್ತಿದ್ದವನಿಗೋ, ಸದಾ ಅದನ್ನೇ ತೊಟ್ಟು ಕಾಣಿಸಿಕೊಳ್ಳುತ್ತಿದ್ದವನಿಗೋ ಅಂಟಿದ ಹೆಸರು. ಉತ್ತರ ಕರ್ನಾಟಕದ ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಮುಂತಾದ ಅಡ್ಡಹೆಸರುಗಳನ್ನು ಬಲ್ಲವರಿಗೆ ಈ ಬಗೆಯ ನಾಮಕರಣ ಅಪರಿಚಿತವೆನಿಸದು.

ಸಂಗೀತಕಾರ ಬಾಖ್‌ನ ಶಿಷ್ಯನೂ ಎರ್ಫುರ್ಟಿನ ಆರ್ಗನ್ ವಾದಕನೂ ಆಗಿದ್ದ ಯೋಹಾನ್ ಕ್ರಿಸ್ಟಿಯಾನ್ ಕಿಟೆಲ್ (1732–1809) ಈ ಹೆಸರಿನವರಲ್ಲಿ ಪ್ರಸಿದ್ಧನು. ಅವನು ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ, 1832ರಲ್ಲಿ, ಕನ್ನಡದ ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ ಜನಿಸಿದುದು ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ತಂದೆಯ ಹೆಸರನ್ನೇ ತಲೆಮಾರಿನಿಂದ ತಲೆಮಾರಿಗೆ ಬದಲಿಸಿಕೊಳ್ಳುತ್ತ, ನೆಪೋಲಿಯನ್ನನ 1811ರ ಆಜ್ಞೆಯವರೆಗೂ ಸ್ಥಿರವಾದ ಕುಲನಾಮಗಳಿಗೆ ಅಷ್ಟಾಗಿ ಒಗ್ಗದಿದ್ದ ಆ ನಾಡಿನಲ್ಲಿ, ಉಡುಪಿನಿಂದ ಬಂದ ಈ ಹೆಸರು ಸ್ಥಳೀಯ ಅಚ್ಚಿನದಲ್ಲ.

ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ತಲೆಪದದ ಪಕ್ಕದಲ್ಲಿ ತಮಿಳು, ತೆಲುಗು, ತುಳುಗಳ ಸಮಾನ ರೂಪಗಳನ್ನೂ, ಹಳ್ಳಿಗರ ಬಾಯಿಯ ಗಾದೆಗಳನ್ನೂ, ಹಳೆಯ ಕಾವ್ಯ–ವ್ಯಾಕರಣಗಳ ಸಾಕ್ಷ್ಯವನ್ನೂ ಕೊಡುವ ಆ ಪುಟಗಳ ಶ್ರದ್ಧೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದರ ಫಲವಾಗಿ, ಜರ್ಮನಿಯಲ್ಲಿ ವಸ್ತುನಾಮದಿಂದ ವ್ಯಕ್ತಿನಾಮವಾಗಿದ್ದ ಪದ ಕನ್ನಡದಲ್ಲಿ ಪುನಃ ವಸ್ತುವೊಂದರ ಹೆಸರಾಯಿತು. ‘ಕಿಟೆಲ್ ನೋಡಿ’ ಎಂದರೆ ನಿಘಂಟು ತೆರೆಯಿರಿ ಎಂದೇ ಅರ್ಥ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯದ ಮೂಲಕ ಹೊರತಂದ ಸಂಪುಟಗಳನ್ನೂ ಓದುಗರು ಕಿಟೆಲ್ ಕೋಶವೆಂದೇ ಕರೆಯುತ್ತಾರೆ.