ಮೆಮಾಂಗ್ ನಾರಂಗ್: ಗಾರೋ ಬೆಟ್ಟಗಳ ಕಾಡುಕಿತ್ತಳೆ ಮತ್ತು ನೆಲದ ಒಡೆತನದ ಚರಿತ್ರೆ

ಪೀಠಿಕೆ

ಮೇಘಾಲಯದ ಪಶ್ಚಿಮ ಭಾಗದ ಗಾರೋ ಬೆಟ್ಟಗಳ ಮಳೆಕಾಡಿನಲ್ಲಿ ಒಂದು ಅಪರೂಪದ ಕಾಡುಕಿತ್ತಳೆ ಬೆಳೆಯುತ್ತದೆ. ಸಸ್ಯಶಾಸ್ತ್ರ ಅದನ್ನು ಸಿಟ್ರಸ್ ಇಂಡಿಕಾ ಎಂದು ಗುರುತಿಸಿದರೆ, ಗಾರೋ ಜನ ಮೆಮಾಂಗ್ ನಾರಂಗ್, ಅಂದರೆ ಪ್ರೇತಗಳ ಕಿತ್ತಳೆ, ಎಂದು ಕರೆಯುತ್ತಾರೆ. ಸಾವಿನ ವಿಧಿಗಳಲ್ಲಿ ಈ ಹಣ್ಣಿಗೆ ಸ್ಥಾನವಿದೆ. ಕಾಮಾಲೆಗೂ ಹೊಟ್ಟೆಯ ತೊಂದರೆಗಳಿಗೂ ಅದನ್ನು ಮದ್ದಾಗಿ ಕೊಡುವ ರೂಢಿಯೂ ಇದೆ. ಭಾರತದ ಹೆಸರನ್ನೇ ಹೊತ್ತ ಈ ಪ್ರಭೇದದ ಬಗ್ಗೆ ಭಾರತೀಯರಿಗೆ ತಿಳಿದಿರುವುದು ತೀರ ಕಡಿಮೆ.

ಇದುವರೆಗಿನ ಬರಹಗಳು ಈ ಸಸ್ಯದ ಚರಿತ್ರೆಯನ್ನು ಬಹುಮಟ್ಟಿಗೆ ವರ್ಗೀಕರಣದ ಚರಿತ್ರೆಯಾಗಿಯೇ ನೋಡಿವೆ: ಯಾರು ಹೆಸರಿಟ್ಟರು, ಯಾವ ಗುಂಪಿಗೆ ಸೇರಿಸಿದರು, ಅದು ಸ್ವತಂತ್ರ ಪ್ರಭೇದವೋ ಸಂಕರವೋ. ಈ ಪ್ರಶ್ನೆಗಳು ಮುಖ್ಯವೇ. ಆದರೆ ಈ ಗಿಡ ಇಂದಿಗೂ ಕಾಡಿನಲ್ಲಿ ಉಳಿದಿರುವುದೇಕೆ ಎಂಬುದಕ್ಕೆ ಅವುಗಳಿಂದ ಉತ್ತರ ಸಿಗುವುದಿಲ್ಲ. ಅದರ ಉತ್ತರ ಆ ನೆಲದ ಒಡೆತನದಲ್ಲಿದೆ ಎಂಬುದು ಈ ಲೇಖನದ ವಾದ.

1. ಸಸ್ಯದ ಸ್ವರೂಪ

ಇದು ಮುಳ್ಳುಗಳುಳ್ಳ, ಅಡ್ಡಾದಿಡ್ಡಿ ಕೊಂಬೆಗಳ ಪೊದೆ ಅಥವಾ ಚಿಕ್ಕ ಮರ. ಎಲೆ ಕಿರಿದು, ತುದಿ ನೀಳವಾಗಿ ಚೂಪಾಗಿರುತ್ತದೆ. ಹೇರಳೆ, ಚಕ್ಕೋತಗಳ ಎಲೆತೊಟ್ಟಿನ ಇಕ್ಕೆಲದಲ್ಲಿ ಕಾಣುವ ರೆಕ್ಕೆ ಇಲ್ಲಿ ಬಹುತೇಕ ಇಲ್ಲವೆನ್ನುವಷ್ಟು ಸಣ್ಣದು. ಹಣ್ಣು ಪುಟ್ಟದು, ಮಾಗಿದಾಗ ಕಿತ್ತಳೆಗೆಂಪಿಗೆ ತಿರುಗುತ್ತದೆ. ಸಿಪ್ಪೆ ತೆಳು, ತಿರುಳು ಹುಳಿ. ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಮೊದಲು ಕಣ್ಣಿಗೆ ಬೀಳುವುದು ಬೀಜಗಳೇ; ಹಣ್ಣಿನ ಗಾತ್ರಕ್ಕೆ ಹೋಲಿಸಿದರೆ ಅವು ದಪ್ಪವಾಗಿದ್ದು, ರಸಕ್ಕೆ ಉಳಿಯುವ ಜಾಗ ಕೊಂಚವೇ.

ಈ ಕಾರಣಕ್ಕಾಗಿಯೇ ಅದು ಪೇಟೆಗೆ ಬರಲಿಲ್ಲ. ಅದೇ ಪ್ರದೇಶದ ಇನ್ನೊಂದು ಕಾಡುಸಿಟ್ರಸ್ ಆದ ಸಾತ್ಕರಾ ಹಣ್ಣಿನ ದಪ್ಪ ಸಿಪ್ಪೆಯನ್ನು ಸಿಲ್ಹೆಟ್ ಸೀಮೆಯವರು ಮಾಂಸದ ಸಾರಿಗೆ ಹಾಕುತ್ತಾರೆ. ಅದಕ್ಕೆ ಮಾರುಕಟ್ಟೆಯೂ ಇದೆ. ಮೆಮಾಂಗ್ ನಾರಂಗ್ ಮಾತ್ರ ಕಾಡಿನ ಗಿಡವಾಗಿ, ವಿಧಿ ಮತ್ತು ಮದ್ದಿನ ಹಣ್ಣಾಗಿ ಉಳಿಯಿತು.

2. ಹೆಸರು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಕ್ಕೆ ಸಿಟ್ರಸ್ ಕುಲ ದೊಡ್ಡ ತಲೆನೋವಾಗಿತ್ತು. ಜೋಸೆಫ್ ಹೂಕರ್ 1875ರಲ್ಲಿ ಮುಗಿದ ತಮ್ಮ ಬ್ರಿಟಿಷ್ ಇಂಡಿಯಾದ ಸಸ್ಯಸಂಪುಟದ ಮೊದಲ ಭಾಗದಲ್ಲಿ ಇಡೀ ಕುಲವನ್ನು ಬೆರಳೆಣಿಕೆಯ ಪ್ರಭೇದಗಳಿಗೆ ಇಳಿಸಿದ್ದರು. ಅನಂತರ ಭಾರತ ಮತ್ತು ಸಿಂಹಳದ ಕಿತ್ತಳೆ, ನಿಂಬೆಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಇಮ್ಯಾನ್ಯುಯೆಲ್ ಬೊನಾವಿಯಾ ಅವರ ಗಮನ ಮುಖ್ಯವಾಗಿ ತೋಟಗಳ ತಳಿಗಳ ಮೇಲಿತ್ತು. ಗಾರೋ ಕಾಡಿನ ಪುಟ್ಟ ಹಣ್ಣಿಗೆ ಈ ಎರಡು ಚೌಕಟ್ಟುಗಳಲ್ಲೂ ಜಾಗವಿರಲಿಲ್ಲ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಚಿತ್ರ ಬದಲಾಯಿತು. ಪ್ರಭೇದಕ್ಕೆ ಇಂಡಿಕಾ ಎಂಬ ಹೆಸರು ಬಂದದ್ದು ಜಪಾನಿನ ಸಿಟ್ರಸ್ ಅಧ್ಯಯನದ ಪರಂಪರೆಯಿಂದ. ಅದರ ವೈಜ್ಞಾನಿಕ ಹೆಸರಿನೊಂದಿಗೆ ತಾನಾಕಾ ಎಂಬ ಹೆಸರು ಇಂದಿಗೂ ಉಳಿದಿದೆ. ಅಮೆರಿಕದ ವಾಲ್ಟರ್ ಸ್ವಿಂಗಲ್ 1943ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಇಡೀ ಕುಲಕ್ಕೆ 16 ಪ್ರಭೇದಗಳನ್ನು ಮಾತ್ರ ಒಪ್ಪಿದರು. ಜಪಾನಿನ ಪಟ್ಟಿ ಬೆಳೆಯುತ್ತ ಹೋಗಿ ಕೊನೆಗೆ 162ಕ್ಕೆ ಮುಟ್ಟಿತು. ಸಿಟ್ರಸ್ ಕುಲದಲ್ಲಿ ಪ್ರಭೇದವೆಂದರೆ ಏನು ಎಂಬ ವಿಚಾರದಲ್ಲೇ ಈ ಎರಡು ಪಂಥಗಳಿಗೆ ಹೊಂದಾಣಿಕೆ ಇರಲಿಲ್ಲ. ಆದರೆ ಗಾರೋ ಬೆಟ್ಟಗಳ ಕಾಡುಕಿತ್ತಳೆ ಪ್ರತ್ಯೇಕ ಪ್ರಭೇದ ಎಂಬ ಮಾತಿನಲ್ಲಿ ಇಬ್ಬರೂ ಒಂದಾದರು. ಪ್ರಭೇದಗಳನ್ನು ಕಡಿಮೆ ಮಾಡುವುದರಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಸ್ವಿಂಗಲ್ ಇದನ್ನು ಉಳಿಸಿಕೊಂಡರೆಂಬುದನ್ನು ಗಮನಿಸಬೇಕು.

1956ರಲ್ಲಿ ಎಸ್. ಸಿ. ಭಟ್ಟಾಚಾರ್ಯ ಮತ್ತು ಎಸ್. ದತ್ತ ಅವರು ಅಸ್ಸಾಮಿನ ಸಿಟ್ರಸ್ ಹಣ್ಣುಗಳ ವರ್ಗೀಕರಣವನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೂಲಕ ಹೊರತಂದರು. ಗಾರೋ ಬೆಟ್ಟಗಳು ಆಗ ಅಸ್ಸಾಮಿಗೇ ಸೇರಿದ್ದವು. ಈಶಾನ್ಯದ ಸಿಟ್ರಸ್ ವೈವಿಧ್ಯವನ್ನು ಸ್ಥಳೀಯವಾಗಿ ನಿಂತು ನೋಡಿದ ಈ ಕೆಲಸ, ಅಧ್ಯಯನದ ಕೇಂದ್ರವನ್ನು ಹೊರದೇಶದ ಒಣಸಸ್ಯಾಗಾರಗಳಿಂದ ಗಿಡ ಬೆಳೆಯುವ ನೆಲಕ್ಕೆ ತಂದಿತು.

3. ಪ್ರಭೇದವೇ, ಸಂಕರವೇ?

1970ರ ದಶಕದ ನಡುವಿನಲ್ಲಿ ವಾದ ಹೊಸ ತಿರುವು ಪಡೆಯಿತು. 1975ರಲ್ಲಿ ಸ್ಕೋರಾ, 1976ರಲ್ಲಿ ಬ್ಯಾರೆಟ್ ಮತ್ತು ರೋಡ್ಸ್, ಕೃಷಿಯಲ್ಲಿರುವ ಸಿಟ್ರಸ್‌ಗಳಿಗೆ ಮೂಲ ಪ್ರಭೇದಗಳು ಮೂರೇ ಎಂದರು: ಮಾದಳ, ಚಕ್ಕೋತ, ಕಮಲಾ ಕಿತ್ತಳೆ. ಉಳಿದ ಬಹುಪಾಲು ಹಣ್ಣುಗಳು ಇವುಗಳ ಸಂಕರದಿಂದ ಬಂದವು ಎಂಬುದು ಅವರ ನಿಲುವು. ಕಾಡಿನಲ್ಲೇ ಇದ್ದ ಸಿಟ್ರಸ್ ಇಂಡಿಕಾದ ಸ್ಥಾನವೂ ಆಗ ಪ್ರಶ್ನೆಗೆ ಒಳಗಾಯಿತು. ತಾಯಿಯ ಕಡೆಯಿಂದ ಬರುವ ಕ್ಲೋರೋಪ್ಲಾಸ್ಟ್ ವಂಶವಾಹಿಗಳ ಅಧ್ಯಯನ ಅದನ್ನು ಮಾದಳದ ಹತ್ತಿರಕ್ಕೆ ತಂದಿತು. ಹಣ್ಣಿನ ರೂಪವಾದರೋ ಕಿತ್ತಳೆಯದು. ಇದು ಬಹಳ ಹಿಂದೆ ನಡೆದ ಸಹಜ ಸಂಕರದ ಫಲವಿರಬಹುದು ಎಂಬ ಊಹೆಗೆ ಆಧಾರ ಇಲ್ಲಿದೆ.

2018ರಲ್ಲಿ 60 ಸಿಟ್ರಸ್ ಜೀನೋಮ್‌ಗಳನ್ನು ಹೋಲಿಸಿದ ಅಧ್ಯಯನವು ಕುಲದ ಮೂಲವನ್ನು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಪೂರ್ವ ಅಸ್ಸಾಂ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್‌ಗಳ ಸೀಮೆಯಲ್ಲಿ ಗುರುತಿಸಿತು. 2023ರ ಇನ್ನೊಂದು ಅಧ್ಯಯನ ದಕ್ಷಿಣ-ಮಧ್ಯ ಚೀನಾದತ್ತ ವಾಲಿತು. ವಾದ ಮುಗಿದಿಲ್ಲ. ಆದರೆ ಸಂಕರವೆಂದು ಸಾಬೀತಾದರೆ ಗಿಡದ ಬೆಲೆ ಇಳಿಯುತ್ತದೆ ಎಂಬ ತರ್ಕವನ್ನು ಒಪ್ಪಲಾಗದು. ಇದಕ್ಕೆ ಸಾಕ್ಷಿ ಕನ್ನಡನಾಡಿನಲ್ಲೇ ಇದೆ. ಬ್ರಹ್ಮಪುತ್ರದ ಆಚೆ ದಡದ ರಂಗಪುರದ ಹೆಸರು ಹೊತ್ತ ರಂಗಪುರ ನಿಂಬೆ, ಕಿತ್ತಳೆ ಮತ್ತು ಮಾದಳದ ಸಂಕರ. ರೋಗಗಳಿಂದ ಸೊರಗಿದ ಕೊಡಗಿನ ಕಿತ್ತಳೆಗೆ ಕಸಿಯ ಬುಡಸಸಿಯಾಗಿ ಶಿಫಾರಸಾಗಿರುವ ಗಿಡಗಳಲ್ಲಿ ಅದೂ ಒಂದು. ರೋಗ ತಾಳುವ ಶಕ್ತಿ ಪ್ರಭೇದದಲ್ಲಿದೆಯೇ ಸಂಕರದಲ್ಲಿದೆಯೇ ಎಂದು ತೋಟದ ರೈತ ಕೇಳುವುದಿಲ್ಲ.

4. ಅಕಿಂಗ್ ನೆಲ

ಹೆಸರು, ಸ್ಥಾನಗಳೆಲ್ಲ ಹೀಗೆ ಬದಲಾಗುತ್ತಿದ್ದಾಗ ಬಹುಮಟ್ಟಿಗೆ ಬದಲಾಗದೆ ಉಳಿದದ್ದು ಗಿಡ ನಿಂತ ನೆಲದ ವ್ಯವಸ್ಥೆ. ಗಾರೋ ಸಮಾಜ ಮಾತೃವಂಶೀಯ. ಕುಲಕ್ಕೆ ಸೇರಿದ ಭೂಮಿಗೆ ಅಕಿಂಗ್ ಎಂದು ಹೆಸರು. ಹಕ್ಕು ತಾಯಿಯಿಂದ ಮಗಳಿಗೆ ಹೋಗುತ್ತದೆ. ನೋಕ್ಮಾ ಎನಿಸಿಕೊಳ್ಳುವವನು ಹೆಂಡತಿಯ ಕುಲದ ಪರವಾಗಿ ಅದನ್ನು ನೋಡಿಕೊಳ್ಳುತ್ತಾನೆ. ಈ ವರ್ಷ ಯಾವ ಇಳಿಜಾರಿನಲ್ಲಿ ಕುಮರಿ ಕಡಿಯಬೇಕು, ಯಾವುದನ್ನು ಬೀಳು ಬಿಡಬೇಕು ಎಂಬ ತೀರ್ಮಾನಗಳು ಈ ವ್ಯವಸ್ಥೆಯೊಳಗೆ ಆಗುತ್ತವೆ. ಬೀಳು ಬಿಟ್ಟ ಕಾಲ ದೀರ್ಘವಾಗಿದ್ದಾಗ ಕಾಡು ಮರಳಿ ಕವಿದು, ನೆರಳು ಬಯಸುವ ಪೊದೆಗಳೂ ಮತ್ತೆ ತಲೆ ಎತ್ತುತ್ತಿದ್ದವು.

ಬ್ರಿಟಿಷರು 1869ರ ಕಾಯ್ದೆಯಿಂದ ಗಾರೋ ಬೆಟ್ಟಗಳನ್ನು ಪ್ರತ್ಯೇಕ ಆಡಳಿತಕ್ಕೆ ಒಳಪಡಿಸಿದರು. ಮುಂದೆ ಕುಲಭೂಮಿಯ ಕೆಲವು ಭಾಗ ಮೀಸಲು ಅರಣ್ಯವಾದಾಗ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೋನಾರಾಮ್ ಸಂಗ್ಮಾ ಅದರ ವಿರುದ್ಧ ಜನರನ್ನು ಸಂಘಟಿಸಿದರು. ಸಸ್ಯ ಇತಿಹಾಸದ ಬರಹಗಳಲ್ಲಿ ಈ ಹೋರಾಟದ ಪ್ರಸ್ತಾಪ ಬರುವುದಿಲ್ಲ, ಬರಬೇಕು. ಸ್ವಾತಂತ್ರ್ಯಾನಂತರ ಸಂವಿಧಾನದ ಆರನೆಯ ಅನುಸೂಚಿಯಡಿ ಸ್ವಾಯತ್ತ ಜಿಲ್ಲಾ ಮಂಡಳಿ ಬಂದು, 1972ರಲ್ಲಿ ಮೇಘಾಲಯ ಪೂರ್ಣ ರಾಜ್ಯವಾದ ಮೇಲೂ, ಬಹುಪಾಲು ಕಾಡು ಸರ್ಕಾರದ ಕೈಯಲ್ಲಲ್ಲದೆ ಸಮುದಾಯದ ಕೈಯಲ್ಲೇ ಉಳಿಯಿತು. ಕಾಡುಕಿತ್ತಳೆ ಉಳಿದದ್ದೂ ಇಂಥ ಕಾಡುಗಳ ಸೀಮೆಯಲ್ಲೇ.

5. ನೋಕ್ರೆಕ್: ತಳಿಧಾಮದ ಪ್ರಯೋಗ

1412 ಮೀಟರ್ ಎತ್ತರದ ನೋಕ್ರೆಕ್ ಶಿಖರ ತುರಾ ಸಾಲಿನ ನೆತ್ತಿ. ಸಿಮ್ಸಾಂಗ್ ನದಿ ಹುಟ್ಟುವುದು ಇಲ್ಲೇ. 1980ರ ದಶಕದ ಆರಂಭದಲ್ಲಿ, ಕಾಡುಸಿಟ್ರಸ್‌ಗಳನ್ನು ಅವು ಹುಟ್ಟಿದ ನೆಲದಲ್ಲೇ ಕಾಪಾಡುವ ರಾಷ್ಟ್ರೀಯ ಸಿಟ್ರಸ್ ತಳಿಧಾಮ ಇಲ್ಲಿ ರೂಪುಗೊಂಡಿತು. ದೇಶದ ಮೊದಲ ತಳಿಧಾಮ ಇದೇ. ಹುಲಿ, ಆನೆ, ಖಡ್ಗಮೃಗಗಳಿಗೆ ಅಭಯಾರಣ್ಯವಿದ್ದ ದೇಶದಲ್ಲಿ ಬೆಳೆಯೊಂದರ ಕಾಡುಬಂಧುಗಳಿಗಾಗಿ ಕಾಡನ್ನು ಮೀಸಲಿಟ್ಟದ್ದು ದೂರದೃಷ್ಟಿಯ ಕೆಲಸ. 1988ರಲ್ಲಿ 820 ಚದರ ಕಿಲೋಮೀಟರ್‌ಗಳ ನೋಕ್ರೆಕ್ ಜೀವಗೋಳ ಮೀಸಲು ಘೋಷಣೆಯಾಯಿತು; 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಈ ಅಂಕಿಗಳನ್ನು ಬಿಡಿಸಿ ನೋಡಬೇಕು. ನಡುವಿನ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 47.48 ಚದರ ಕಿಲೋಮೀಟರ್. ಉಳಿದದ್ದೆಲ್ಲ ದರಿಬೋಕ್‌ಗ್ರೆಯಂಥ ಹಳ್ಳಿಗಳಿರುವ, ಜನ ಬಾಳುವ ಸುತ್ತಂಚು. ಮೀಸಲಿನ ನೂರು ಪಾಲಿನಲ್ಲಿ ಆರಕ್ಕಿಂತ ಕಡಿಮೆ ಭಾಗ ಮಾತ್ರ ಬಿಗಿಯಾದ ರಕ್ಷಣೆಯಲ್ಲಿದೆ. ಅಲ್ಲಿಂದಾಚೆಗೆ ಮೆಮಾಂಗ್ ನಾರಂಗ್‌ನ ಅಳಿವು ಉಳಿವನ್ನು ನಿರ್ಧರಿಸುವುದು ಅರಣ್ಯ ಇಲಾಖೆಯ ಬೇಲಿಯಲ್ಲ, ಊರಿನ ಭೂಬಳಕೆ. ಇತ್ತೀಚಿನ ದಶಕಗಳಲ್ಲಿ ಕುಮರಿಯ ಆವರ್ತ ಚಿಕ್ಕದಾಗಿದೆ. ಅಡಿಕೆ, ಗೇರು, ರಬ್ಬರ್ ತೋಟಗಳು ಇಳಿಜಾರುಗಳನ್ನು ಏರಿವೆ. ತೋಟ ಹಾಕಿದ ಅಕಿಂಗ್ ನೆಲ ನಿಧಾನವಾಗಿ ಮನೆಯೊಂದರ ಖಾಸಗಿ ಸೊತ್ತಾಗುತ್ತದೆ. ಬೀಳು ಬಿಡುವ ಮಾತು ಅಲ್ಲಿಗೆ ಮುಗಿಯಿತು.

ಹೊರಗೆ ಕಾಪಿಡುವ ಪ್ರಯತ್ನಗಳೂ ನಡೆದಿವೆ. ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಬ್ಯೂರೋದ ಎಸ್. ಕೆ. ಮಲಿಕ್ ಮತ್ತು ಸಂಗಡಿಗರು ಈಶಾನ್ಯದಲ್ಲಿ ಸಿಟ್ರಸ್ ಇಂಡಿಕಾ ಮತ್ತು ಸಾತ್ಕರಾಗಳನ್ನು ಸಂಗ್ರಹಿಸಿ, ಅವುಗಳ ಲಕ್ಷಣಗಳನ್ನು 2006ರಲ್ಲಿ ಪ್ರಕಟಿಸಿದರು. ಸಿಟ್ರಸ್ ಬೀಜವನ್ನು ಭತ್ತ, ರಾಗಿಗಳಂತೆ ಒಣಗಿಸಿ ವರ್ಷಗಟ್ಟಲೆ ಇಡುವುದು ಕಷ್ಟ. ಆದ್ದರಿಂದ ಬೀಜದೊಳಗಿನ ಭ್ರೂಣದ ಅಕ್ಷವನ್ನು ಬಿಡಿಸಿ, ಎಚ್ಚರದಿಂದ ತೇವಾಂಶ ತಗ್ಗಿಸಿ, ದ್ರವ ಸಾರಜನಕದಲ್ಲಿ ಇಡುವ ವಿಧಾನವನ್ನು ಈ ಎರಡೂ ಪ್ರಭೇದಗಳಿಗೆ ಅಳವಡಿಸಲಾಯಿತು. ಇದು ಅಮೂಲ್ಯವಾದ ವಿಮೆ. ಆದರೆ ಶೈತ್ಯದಲ್ಲಿಟ್ಟ ಭ್ರೂಣಕ್ಕೆ ಹೊಸ ರೋಗದ ಪರಿಚಯವಾಗುವುದಿಲ್ಲ, ಬದಲಾಗುವ ಮಳೆಗೆ ಅದು ಹೊಂದಿಕೊಳ್ಳುವುದಿಲ್ಲ. ಆ ಕೆಲಸ ಕಾಡಿನಲ್ಲಿ, ತಲೆಮಾರಿನಿಂದ ತಲೆಮಾರಿಗೆ ಮಾತ್ರ ನಡೆಯುತ್ತದೆ.

ಉಪಸಂಹಾರ

ಈ ಚರಿತ್ರೆಯಿಂದ ಮೂರು ಅಂಶ ಹೊರಡುತ್ತವೆ. ಒಂದು, ಸಿಟ್ರಸ್ ಇಂಡಿಕಾದ ಶಾಸ್ತ್ರೀಯ ಸ್ಥಾನ ಇನ್ನೂ ಬದಲಾಗಬಹುದು. ರಕ್ಷಣೆಯ ನೀತಿ ಆ ತೀರ್ಪಿಗಾಗಿ ಕಾಯಬಾರದು. ಎರಡು, ವಿಜ್ಞಾನ ಹೆಸರಿಡುವ ಮೊದಲೇ ಈ ಹಣ್ಣನ್ನು ಗುರುತಿಸಿ, ಬಳಸಿ, ಅದರ ಕಾಡನ್ನು ಉಳಿಸಿಕೊಂಡು ಬಂದವರು ಗಾರೋ ಕುಲಗಳು. ಮೂರು, ತಳಿಧಾಮದ ಯೋಜನೆಯಲ್ಲಿ ನೋಕ್ಮಾಗಳಿಗೂ, ನೆಲದ ನಿಜವಾದ ವಾರಸುದಾರರಾದ ಮಹಿಳೆಯರಿಗೂ ನಿರ್ಣಯದ ಹಕ್ಕು ಇರಬೇಕು. ಕಾಡುಬಂಧುವಿನ ಗುಣದಿಂದ ನಾಳೆ ಯಾವುದೇ ತೋಟಕ್ಕೆ ಲಾಭವಾದರೆ ಅದರಲ್ಲಿ ಅವರಿಗೆ ಪಾಲು ಸಲ್ಲಬೇಕು. ಅಕಿಂಗ್ ನೆಲವನ್ನು ಬೀಳು ಬಿಟ್ಟ ಕುಟುಂಬಕ್ಕೆ ಅಡಿಕೆ ನೆಟ್ಟ ಕುಟುಂಬಕ್ಕಿಂತ ನಷ್ಟವಾಗದಂತೆ ನೋಡಿಕೊಳ್ಳುವುದೇ ಈ ಪ್ರಭೇದಕ್ಕೆ ಸರ್ಕಾರ ಮಾಡಬಹುದಾದ ಅತಿ ದೊಡ್ಡ ಉಪಕಾರ.