ಟೊಳ್ಳಾಗಿದ್ದರೆ ಕಂಚಿನ ಮೂರ್ತಿ ನಕಲಿಯೇ?

ಹೇಳಿಕೆ: ಕಂಚಿನ ದೊಡ್ಡ ಆನೆ, ನಂದಿ ಒಳಗೆ ಟೊಳ್ಳಾಗಿದ್ದರೆ ಎರಕದವರು ಲೋಹ ಕದ್ದಿದ್ದಾರೆ.

ನಿಜವೇನು: ಇದು ತಪ್ಪು.

ಮಂಗಳೂರು ಸುತ್ತಿನ ದೈವಾರಾಧನೆಯ ಪಂಜುರ್ಲಿಯ ಲೋಹದ ಹಂದಿಮೊಗದಂತೆ ದೊಡ್ಡ ಪ್ರಾಣಿಮೂರ್ತಿಗಳಿಗೂ ಮೇಣದೆರಕವೇ ಹಳೆಯ ದಾರಿ. ಮಣ್ಣಿನ ತಿರುಳಿನ ಮೇಲೆ ಮೇಣದಲ್ಲಿ ರೂಪ ತಿದ್ದಿ, ಹೊರಗೆ ಮತ್ತೆ ಮಣ್ಣು ಮೆತ್ತುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹೊರಬೀಳುತ್ತದೆ. ಆ ತೆಳು ಜಾಗಕ್ಕೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಂಚು ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚು ಒಡೆದು ಒಳಗಿನ ಮಣ್ಣು ತೆಗೆದರೆ ಉಳಿಯುವುದೇ ಈ ಟೊಳ್ಳು.

ಗಟ್ಟಿಯಾಗಿ ಯಾಕೆ ಎರೆಯುವುದಿಲ್ಲ? ದಪ್ಪ ಲೋಹ ಒಂದೇ ಸಮನೆ ತಣಿಯದೆ ಕುಗ್ಗಿ ಬಿರುಕು ಬಿಡಬಹುದು. ತೂಕವೂ ಅಡ್ಡಿ: 1 ಘನ ಮೀಟರ್ ಕಂಚು 8 ಟನ್‌ಗೂ ಹೆಚ್ಚು.

ಲೋಹ ಯಾವುದೆಂದು ಪ್ರಯೋಗಾಲಯ ಹೇಳುತ್ತದೆ, ಟೊಳ್ಳು ಹೇಳುವುದಿಲ್ಲ. ನಾವು ಕೇಳುವುದಿಷ್ಟೇ: ಎರಕದವರ ಮೇಲೆ ಕಳ್ಳತನ ಹೊರಿಸುವ ಇಂಥ ಸಂದೇಶ ಫಾರ್ವರ್ಡ್ ಮಾಡಬೇಡಿ.